ಜಿಂಜರಿನ ಬೇರು

ಇಂಗ್ಲಿಷಿನ ‘ಜಿಂಜರ್’ ಎಲ್ಲಿಂದ ಬಂತೆಂದು ಹುಡುಕಿದರೆ ಹಲವು ನಿಘಂಟುಗಳು ಸಂಸ್ಕೃತದ ‘ಶೃಂಗವೇರ’ಕ್ಕೆ ಬಂದು ನಿಂತುಬಿಡುತ್ತವೆ. ಶೃಂಗವೆಂದರೆ ಕೊಂಬು, ವೇರವೆಂದರೆ ಮೈ, ಕೊಂಬಿನಂಥ ಮೈಯುಳ್ಳದ್ದು. ಕೇಳಲು ಚೆನ್ನ, ನಂಬಲು ಕಷ್ಟ. ಯೂಲ್ ಮತ್ತು ಬರ್ನೆಲ್ ತಮ್ಮ ‘ಹಾಬ್ಸನ್-ಜಾಬ್ಸನ್’ನಲ್ಲಿ (1886) ಆಗಲೇ ಮಲಯಾಳದ ಕಡೆ ಬೆರಳು ತೋರಿಸಿದ್ದರು: ಇಂಚಿ, ಅದರ ವೇರ್. ಆ ‘ವೇರ್’ ನಮ್ಮ ‘ಬೇರು’ವಿನ ಒಡಹುಟ್ಟು. ದಕ್ಷಿಣದ ಹೆಸರು ಸಂಸ್ಕೃತಕ್ಕೆ ಹೋಗಿ ಕೊಂಬು ಮೂಡಿಸಿಕೊಂಡಿತು ಎಂಬ ವಾದವೇ ನಮಗೆ ಒಪ್ಪಿಗೆ. ಮುಂದಿನ ದಾರಿ ಸಲೀಸು: ಪಾಲಿಯ ಸಿಂಗಿವೇರ, ಗ್ರೀಕಿನ ಜಿಂಗಿಬೆರಿಸ್, ಲ್ಯಾಟಿನ್, ಅಲ್ಲಿಂದ ಇಂಗ್ಲಿಷ್.

ಗ್ರೀಕಿನ ಆ ‘ಬೆರಿ’ಯನ್ನು ಕಂಡೊಡನೆ “ಇದು ಕನ್ನಡದ ಬೇರೇ!” ಎಂದು ಚಪ್ಪಾಳೆ ತಟ್ಟುವವರು ನಮ್ಮಲ್ಲುಂಟು (ಪರದೇಶದಲ್ಲಿ ಈ ಚಟ ತುಸು ಜಾಸ್ತಿ). ಅದು ಸಲ್ಲದು. ಕನ್ನಡದಲ್ಲಿ ಪದದ ಮೊದಲ ವಕಾರ ಬಕಾರವಾದದ್ದು ಶತಮಾನಗಳ ನಂತರ. ಗ್ರೀಕರು ‘ವ’ವನ್ನು ತಮ್ಮ ಬೀಟಾ ಅಕ್ಷರದಲ್ಲಿ ಬರೆದುಕೊಂಡರು, ಅಷ್ಟೇ.

ತಮಾಷೆಯೆಂದರೆ, ಬೇರು ನಮ್ಮದಾದರೂ ನಮ್ಮಲ್ಲಿ ಹೆಚ್ಚಿನವರ ಬಾಯಲ್ಲಿರುವುದು ಸಂಸ್ಕೃತದ ‘ಶುಂಠಿ’. ಅದು ಒಣಗಿದ್ದರ ಹೆಸರು. ಅದಕ್ಕೇ ಹಸಿಯದನ್ನು ‘ಹಸಿಶುಂಠಿ’ ಎನ್ನಬೇಕಾಗಿದೆ. ಉತ್ತರ ಕರ್ನಾಟಕದವರು ಮಾತ್ರ ‘ಅಲ್ಲ’ ಎಂದು ಪಾರಾಗುತ್ತಾರೆ.