ಉತ್ತರ ಬರದ ಕಾರ್ಡು

ತೀರ್ಪನ್ನೂ ಕಥೆ ಓದಿದ ಹಾಗೆ ಓದಬೇಕು. ಯಾರ ಮಾತು ಒಳಗೆ ಬಂತು, ಯಾರದು ಬಾಗಿಲಾಚೆಗೇ ನಿಂತಿತು ಅಂತ ನೋಡಬೇಕು. ಓಹಾಯೋ ರಾಜ್ಯದ ಮತದಾರರ ಪಟ್ಟಿಯ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟು 2018ರ ಜೂನ್‌ನಲ್ಲಿ ಕೊಟ್ಟ ತೀರ್ಪನ್ನು ಹಾಗೆ ಓದಿ ನೋಡೋಣ.

ಅಲ್ಲಿಯ ಪದ್ಧತಿ ಇಷ್ಟೆ. ಎರಡು ವರ್ಷ ಓಟು ಹಾಕದಿದ್ದವರಿಗೆ ಒಂದು ಕಾರ್ಡು ಬರುತ್ತದೆ. ಉತ್ತರ ಬರೆಯಲಿಲ್ಲ, ಮುಂದಿನ ನಾಲ್ಕು ವರ್ಷವೂ ಓಟು ಹಾಕಲಿಲ್ಲ ಅಂದರೆ, ಊರು ಬಿಟ್ಟಿದ್ದಾರೆಂದು ಹೆಸರು ಹೊಡೆದುಹಾಕುತ್ತಾರೆ. ಓಟು ಹಾಕಲಿಲ್ಲವೆಂಬ ಕಾರಣಕ್ಕೆ ಯಾರ ಹೆಸರನ್ನೂ ತೆಗೆಯಕೂಡದು ಎಂದು 1993ರ ಅವರದೇ ಕಾಯಿದೆ ಹೇಳುತ್ತದೆ. ಐವರು ನ್ಯಾಯಮೂರ್ತಿಗಳು ಕಂಡುಕೊಂಡ ದಾರಿ ಜಾಣರದು: ತೆಗೆದದ್ದು ಬರೀ ಓಟು ಹಾಕದ್ದಕ್ಕಲ್ಲ, ಕಾರ್ಡಿಗೆ ಉತ್ತರಿಸದ್ದಕ್ಕೂ ಅಂತೆ! ನಾಲ್ವರು ಒಪ್ಪಲಿಲ್ಲ.

ಸತ್ತವರ ಹೆಸರು ಪಟ್ಟಿಯಲ್ಲಿರಬಾರದು, ನಿಜ. ಕಳ್ಳ ಓಟು ನಾವು ಕಾಣದ್ದೇನಲ್ಲ. ಆದರೆ ಲೆಕ್ಕ ನೋಡಿ. 2012ರಲ್ಲಿ ಓಹಾಯೋ ಕಳಿಸಿದ ಕಾರ್ಡು ಸುಮಾರು 15 ಲಕ್ಷ. ಮನೆ ಬದಲಿಸಿದ್ದೇವೆ ಎಂದು ಬರೆದವರು 60 ಸಾವಿರದಷ್ಟು. ಹತ್ತು ಲಕ್ಷಕ್ಕೂ ಹೆಚ್ಚು ಜನ ಏನನ್ನೂ ಬರೆಯಲಿಲ್ಲ. ವರ್ಷಕ್ಕೆ ತಮ್ಮ ಕೌಂಟಿ ಬಿಟ್ಟು ಹೋಗುವವರು ನೂರಕ್ಕೆ ನಾಲ್ವರು ಮಾತ್ರ ಎಂದು ನ್ಯಾಯಮೂರ್ತಿ ಬ್ರೇಯರ್ ತಮ್ಮ ಭಿನ್ನಮತದಲ್ಲಿ ತೋರಿಸಿದರು. ಮತ್ತೆ ಆ ಹತ್ತು ಲಕ್ಷದ ಮೌನಕ್ಕೆ ಅರ್ಥವೇನು? ಕಾರ್ಡನ್ನು ಕಸ ಅಂತ ಎಸೆದಿದ್ದಾರೆ, ಅಷ್ಟೆ.

ನನಗೆ ಈ ತೀರ್ಪಿನ ಜೀವ ಕಂಡದ್ದು ಸೊಟೊಮೇಯರ್ ಬೇರೆಯಾಗಿ ಬರೆದ ಕೆಲವೇ ಪುಟಗಳಲ್ಲಿ. ಸಿನ್ಸಿನಾಟಿ ನಗರದ ನಡುವಿನ ಕಪ್ಪು ಜನರ ಕೇರಿಗಳಲ್ಲಿ ಹೀಗೆ ಹೆಸರು ಕಳಕೊಂಡವರು ನೂರಕ್ಕೆ 10, ಹೊರವಲಯದ ಬಿಳಿಯರ ಬಡಾವಣೆಯಲ್ಲಿ 4. ಬಹುಮತದವರು ಏನಂದರು? ಕಾಯಿದೆಯ ಮಾತಿಗೂ ಇದಕ್ಕೂ ಸಂಬಂಧವಿಲ್ಲ ಅಂದರು. ಅಕ್ಷರ ನೋಡಿದರು, ಕೇರಿ ನೋಡಲಿಲ್ಲ. ದಾವೆ ಹೂಡಿದ ಸಂಸ್ಥೆಯ ಹೆಸರಲ್ಲಿರುವ ರಾಂಡಾಲ್ಫ್, 1925ರಿಂದ ರೈಲಿನ ಕಪ್ಪು ಕೂಲಿಯಾಳುಗಳನ್ನು ಸಂಘಟಿಸಿದಾತ. ವಾರಗಟ್ಟಲೆ ಮನೆ ಬಿಟ್ಟು ದುಡಿಯೋದು ಅಂದರೇನು ಅಂತ ಆತನಿಗೆ ಗೊತ್ತಿತ್ತು.

ನಮ್ಮ 1950ರ ಕಾಯಿದೆಯಲ್ಲಿ ಓಟು ಹಾಕದಿರುವುದು ಹೆಸರು ತೆಗೆಯಲು ಕಾರಣವೇ ಅಲ್ಲ. ತಾತ್ಕಾಲಿಕವಾಗಿ ಹೊರಗೆ ಹೋದವರು ಊರಿನವರಾಗಿಯೇ ಉಳಿಯುತ್ತಾರೆ. ತೆಗೆಯುವ ಮುನ್ನ ಅವರ ಮಾತು ಕೇಳಬೇಕು. ಕಾಗದದ ಮೇಲೆ ನಾವೇ ಮೇಲು! ಆದರೆ ಕಬ್ಬು ಕಡಿಯಲು, ಗಾರೆ ಕೆಲಸಕ್ಕೆ ಹೋದವರ ಮನೆಗೆ ಬೀಗ ಇರುತ್ತದಲ್ಲ, ಆ ಬೀಗವೂ ಉತ್ತರ ಬರದ ಕಾರ್ಡೇ. ಪಟ್ಟಿ ಹಿಡಿದು ಹೋಗುವವರು ಇದನ್ನು ಓದುತ್ತಿರುವ ನೀವೇ, ಮೇಷ್ಟ್ರೇ. 'ಇಲ್ಲ' ಅಂತ ಬರೆಯುವ ಮುಂಚೆ ಪಕ್ಕದ ಗುಡಿಸಲಿನ ಅಜ್ಜೀನ ಒಂದು ಮಾತು ಕೇಳಿದಿರಾ?