ಪಿನ್ನು ಜಾರಬೇಕು

ಶಿಲ್‌ಫಾಟಾದ ಜಾಮು, ಘೋಡ್‌ಬಂದರ್ ರಸ್ತೆಯ ಲಾರಿಸಾಲು: ನಮ್ಮ ಕಡೆ ಕಾರಿನ ಬ್ರೇಕಿಗೆ ಬಿಡುವೆಂಬುದಿಲ್ಲ. ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಕುಂದಾಪುರ ಮೂಲದ ಹಿರಿಯರೊಬ್ಬರು ಮಳೆಗಾಲ ಮುಗಿಯುತ್ತಲೇ ತಮ್ಮ ಕಾರಿನ ಬ್ರೇಕ್ ಪ್ಯಾಡ್ ತಾವೇ ಬದಲಿಸುತ್ತಾರೆ. ಆ ಕೈಚಳಕ ನೋಡಲೆಂದೇ ನಾನು ಪಾರ್ಕಿಂಗಿಗೆ ಇಳಿಯುತ್ತೇನೆ.

ಚಕ್ರ ನೆಲದಲ್ಲಿರುವಾಗಲೇ ನಟ್ಟು ಸಡಿಲಿಸಿ, ಆಮೇಲೆ ಜಾಕ್. ಜಾಕ್ ಒಂದನ್ನೇ ನಂಬದೆ ಕೆಳಗೊಂದು ಸ್ಟ್ಯಾಂಡ್. ಬಿಚ್ಚಿದ ಕ್ಯಾಲಿಪರ್ ಹೋಸಿಗೆ ಜೋತು ಬೀಳದಂತೆ ತಂತಿಯಲ್ಲಿ ಕಟ್ಟುತ್ತಾರೆ. ಹಳೆಯ ಪ್ಯಾಡನ್ನೇ ಅಡ್ಡವಿಟ್ಟು, ಸಿ-ಕ್ಲ್ಯಾಂಪ್ ತಿರುಗಿಸಿ ಪಿಸ್ಟನ್ನನ್ನು ಹದವಾಗಿ ಹಿಂದಕ್ಕೆ ಒತ್ತುವಾಗ ಒಂದು ಕಣ್ಣು ಬ್ರೇಕ್ ಆಯಿಲ್ ಡಬ್ಬಿಯ ಮೇಲೆ. ಆಯಿಲ್ ಉಕ್ಕಿ ಚೆಲ್ಲಿದರೆ ಕಾರಿನ ಬಣ್ಣವೇ ಕಿತ್ತುಬರುತ್ತದೆ.

ನನಗೆ ಅತ್ಯಂತ ಇಷ್ಟವಾಗುವುದು ಅವರು ಹಳೆಯ ಪ್ಯಾಡುಗಳನ್ನು ಅಕ್ಕಪಕ್ಕ ಹಿಡಿದು ನೋಡುವ ರೀತಿ. ಒಳಗಿನದು ಹೊರಗಿನದಕ್ಕಿಂತ ಬಹಳ ತೆಳ್ಳಗಾಗಿದ್ದರೆ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ನಿನ ಮೇಲೆ ಅನುಮಾನ. ಖಾಡಿಯ (ಕಡಲ ಹಿನ್ನೀರಿನ) ತೇವಕ್ಕೆ ಅದು ತುಕ್ಕು ಹಿಡಿದಿರಬಹುದು. ಪಿನ್ ಹೊರತೆಗೆದು, ಒಣಗಿದ ಗ್ರೀಸ್ ಒರೆಸಿ, ಹೊಸ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ ರಬ್ಬರ್ ಬೂಟಿನೊಳಗೆ ಕೂರಿಸುತ್ತಾರೆ. ಬೆರಳಲ್ಲಿ ಒತ್ತಿದರೆ ಜಾರಬೇಕು. ಗಡಿಬಿಡಿಯ ಸರ್ವಿಸಿನಲ್ಲಿ ತಪ್ಪಿಹೋಗುವ ಕೆಲಸವೇ ಇದು. ಎಂಥ ಶ್ರದ್ಧೆ!

ಚಕ್ರ ಕೂರಿಸಿದ ಮೇಲೆ ಪೆಡಲ್ ಮೊದಲು ತಳಕ್ಕೇ ಇಳಿಯುತ್ತದೆ. ಅದು ಗಟ್ಟಿಯಾಗುವವರೆಗೂ ತುಳಿದೇ ಕಾರು ಕದಲಿಸುವುದು. ‘ಪ್ಯಾಡ್ ಕೂರೋ ತನಕ ಜೋರಾಗಿ ಬ್ರೇಕ್ ಒತ್ಬೇಡ’ ಎಂದು ಮಗಳಿಗೆ ಹೇಳಿಯೇ ಕೀಲಿ ಕೊಡುತ್ತಾರೆ.