ಬಿಟ್ಟ ಮೀನು ಬದುಕಿತೆ?

ಕನಕಪುರ ತಾಲ್ಲೂಕಿನ ಕಾವೇರಿ ದಂಡೆಯ ಗಾಲಿಬೋರೆ, ಅದೇ ನದಿಯ ದಂಡೆಯ ಭೀಮೇಶ್ವರಿ ಮತ್ತು ದೊಡ್ಡಮಾಕಳಿ. ಗಾಳ ಹಾಕುವ ಹವ್ಯಾಸಿಗಳ ನಡುವೆ ಈ ಮೂರು ಶಿಬಿರಗಳ ಹೆಸರು ಒಂದು ಕಾಲಕ್ಕೆ ಇಂಗ್ಲೆಂಡಿನವರೆಗೂ ಹಬ್ಬಿತ್ತು. ಆ ದಿನಗಳ ಫೋಟೊಗಳನ್ನು ನೋಡಿದರೆ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಭಂಗಿ. ಮೊಣಕಾಲುದ್ದ ನೀರಿನಲ್ಲಿ ಕೂತ ಮನುಷ್ಯ, ಅವನ ಎರಡು ತೋಳುಗಳ ಮೇಲೆ ಮಗುವಿನಷ್ಟು ಉದ್ದದ ಮಹಸೀರ್, ಪಕ್ಕದಲ್ಲಿ ನಗುತ್ತಿರುವ ಊರಿನ ಮಾರ್ಗದರ್ಶಿ. ಕೆಳಗೆ ಎಷ್ಟು ಪೌಂಡು ಎಂಬ ಲೆಕ್ಕ. ಆಮೇಲೆ ಮೀನನ್ನು ನೀರಿಗೆ ಬಿಟ್ಟರು ಎಂಬ ಒಂದು ಸಾಲು. ನನ್ನ ತಕರಾರು ಇರುವುದು ಆ ಕೊನೆಯ ಸಾಲಿನ ಬಗ್ಗೆ. ಬಿಟ್ಟರು ಎಂದಷ್ಟೇ ಬರೆದಿದೆ, ಬದುಕಿತು ಎಂದು ಯಾರೂ ಬರೆದಿಲ್ಲ.

ಹಿಡಿದು ಬಿಡುವ ಈ ಪದ್ಧತಿಗೆ ಸಲ್ಲಬೇಕಾದ ಮನ್ನಣೆಯನ್ನು ಮೊದಲು ಸಲ್ಲಿಸಿಬಿಡೋಣ. ಈ ಮಡುಗಳಲ್ಲಿ ಸಿಡಿಮದ್ದು ಎಸೆದು ಮೀನು ಕೊಲ್ಲುತ್ತಿದ್ದ ಕಾಲವಿತ್ತು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ನದಿಯ ಒಂದು ಭಾಗವನ್ನು ವಹಿಸಿಕೊಂಡು ಕಾವಲಿಟ್ಟಿತು. ಆಮೇಲೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಶಿಬಿರ ನಡೆಸಿತು. ಕದ್ದು ಮೀನು ಹಿಡಿಯುತ್ತಿದ್ದವರಲ್ಲೇ ಕೆಲವರಿಗೆ ಮಾರ್ಗದರ್ಶಿಯ ಕೆಲಸ ಸಿಕ್ಕಿತು. ಯಾವ ಬಂಡೆಯ ನೆರಳಲ್ಲಿ ಮೀನು ನಿಲ್ಲುತ್ತದೆ, ರಾಗಿ ಹಿಟ್ಟಿನ ಉಂಡೆಯನ್ನು ಎಷ್ಟು ಬೇಯಿಸಿದರೆ ಹರಿವಿನಲ್ಲಿ ಕರಗದೆ ಗಾಳಕ್ಕೆ ಅಂಟಿಕೊಂಡಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಸತ್ತ ಮೀನಿಗಿಂತ ಬದುಕಿರುವ ಮೀನಿಗೆ ಹೆಚ್ಚು ಬೆಲೆ ಬಂದದ್ದು ಸಣ್ಣ ಸಾಧನೆಯಲ್ಲ.

ಆದರೆ ಮೀನಿನ ಮೈಗೆ ಏನಾಗುತ್ತದೆ ಎಂದು ಕೇಳಿದರೆ ಚಿತ್ರ ಬೇರೆ. ಗಾಳಕ್ಕೆ ಸಿಕ್ಕ ದೊಡ್ಡ ಮಹಸೀರ್ ಹರಿವಿನೊಂದಿಗೆ ಓಡುತ್ತದೆ, ಬಂಡೆಗೆ ದಾರ ಸುತ್ತುತ್ತದೆ. ತೆಪ್ಪದಲ್ಲಿ ಬೆನ್ನಟ್ಟಬೇಕು. ಈ ಎಳೆದಾಟ ಹೊತ್ತುಗಟ್ಟಲೆ ನಡೆದಷ್ಟೂ ಕತೆಗೆ ರಂಗು. ಮೀನಿಗೆ ಮಾತ್ರ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ, ರಕ್ತ ಹುಳಿಯಾಗಿ, ಆಮ್ಲಜನಕದ ಸಾಲ ಏರುತ್ತಾ ಹೋಗುತ್ತದೆ. ಆ ಸಾಲ ತೀರಿಸಿಕೊಳ್ಳಲು ಅದಕ್ಕೆ ಬೇಕಾದ್ದು ಕಿವಿರಿನ ಮೂಲಕ ಹರಿಯುವ ನೀರು. ಸರಿಯಾಗಿ ಆ ಕ್ಷಣಕ್ಕೇ ನಾವು ಅದನ್ನು ನೀರಿನಿಂದ ಎತ್ತಿ, ಕ್ಯಾಮೆರಾ ಎಲ್ಲಿ ಎಂದು ಹುಡುಕುತ್ತೇವೆ. ಗಾಳಿಗೆ ಬಂದೊಡನೆ ಕಿವಿರಿನ ತೆಳು ಎಸಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಸಿರಾಟ ನಿಂತಂತೆಯೇ.

ಎಷ್ಟು ಹೊತ್ತು ಎತ್ತಿದರೆ ಅಪಾಯ? ಕೆನಡಾದಲ್ಲಿ ಫರ್ಗ್ಯುಸನ್ ಮತ್ತು ಟಫ್ಟ್ಸ್ ಎಂಬ ವಿಜ್ಞಾನಿಗಳು ರೈನ್‌ಬೋ ಟ್ರೌಟ್ ಮೀನಿನ ಮೇಲೆ ನಡೆಸಿದ ಪ್ರಯೋಗ 1992ರಲ್ಲಿ ಪ್ರಕಟವಾಯಿತು. ಸುಸ್ತಾಗುವವರೆಗೆ ಓಡಿಸಿ ನೀರಿನಲ್ಲೇ ಬಿಟ್ಟ ಮೀನುಗಳಲ್ಲಿ 12 ಗಂಟೆಯೊಳಗೆ ಸತ್ತದ್ದು ಶೇ. 12. ಓಡಿಸಿದ ಮೇಲೆ 30 ಸೆಕೆಂಡು ಗಾಳಿಯಲ್ಲಿ ಹಿಡಿದವುಗಳಲ್ಲಿ ಶೇ. 38. ಒಂದು ನಿಮಿಷ ಹಿಡಿದವುಗಳಲ್ಲಿ ಶೇ. 72. ಟ್ರೌಟ್ ತಣ್ಣೀರಿನ ಮೀನು, ಅದರ ಅಂಕಿಯನ್ನು ಕಾವೇರಿಗೆ ಹಾಗೇ ಹಚ್ಚಲಾಗದು ಎಂಬ ಆಕ್ಷೇಪ ನ್ಯಾಯವೇ. ಕಾವೇರಿಯ ನೀಲಿ ರೆಕ್ಕೆಯ ಮಹಸೀರ್ ಮೇಲೆಯೇ ನಡೆದ ಅಧ್ಯಯನವೊಂದು 2016ರಲ್ಲಿ ಹೊರಬಂತು. ಅದರಲ್ಲಿ ಯಾವ ಮೀನೂ ಕೂಡಲೇ ಸಾಯಲಿಲ್ಲ. ಗಟ್ಟಿ ಮೀನೇ ಅದು. ಆದರೂ ಎಳೆದಾಟ ಉದ್ದವಾದಷ್ಟೂ ರಕ್ತದ ಆಮ್ಲೀಯತೆ ಏರಿತ್ತು, ಸಾಕಷ್ಟು ಮೀನುಗಳಲ್ಲಿ ಸಹಜ ಪ್ರತಿಕ್ರಿಯೆಗಳು ಮಂಕಾಗಿದ್ದವು. ಬಾಲ ಬಡಿದು ಆಳಕ್ಕೆ ಹೋದ ಮೀನನ್ನು ನೋಡಿ ನಾವು ಚಪ್ಪಾಳೆ ತಟ್ಟುತ್ತೇವಲ್ಲ, ಆ ಮಂಕು ಹೊತ್ತಿನಲ್ಲಿ ಅದು ಮೊಸಳೆಗೋ ನೀರುನಾಯಿಗೋ ಸುಲಭದ ತುತ್ತು. ಕಾವೇರಿಯ ಈ ಪಾತ್ರದಲ್ಲಿ ಎರಡೂ ಇವೆ.

ಹಳೆಯ ರೂಢಿಗಳಲ್ಲಿ ನನಗೆ ಹೆಚ್ಚು ಕಸಿವಿಸಿ ತರುವುದು ಎರಡು. ಒಂದು, ಮೀನಿನ ದವಡೆಗೆ ಹಗ್ಗ ಪೋಣಿಸಿ, ಫೋಟೊಗೆ ಎಲ್ಲರೂ ಸೇರುವವರೆಗೆ ದಡದಲ್ಲಿ ಕಟ್ಟಿಹಾಕುವುದು. ನೀರಿನಲ್ಲೇ ಇರುತ್ತದಲ್ಲ, ಸುಧಾರಿಸಿಕೊಳ್ಳುತ್ತದೆ ಎಂಬ ಸಮರ್ಥನೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ನಮ್ಮ ಅನುಕೂಲ. ಇನ್ನೊಂದು, ತೂಕದ ಹುಚ್ಚು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು ಎಲ್ಲರ ತಲೆಯಲ್ಲೂ ಕೂತಿತ್ತು. ಪೌಂಡಿನ ಲೆಕ್ಕ ಬೇಕಾದರೆ ತಕ್ಕಡಿ ಬೇಕು, ತಕ್ಕಡಿಗೆ ಮೀನನ್ನು ಎತ್ತಲೇಬೇಕು. ನೀರಿನಲ್ಲಿರುವಾಗಲೇ ಟೇಪು ಹಿಡಿದು ಉದ್ದವನ್ನೂ ಸುತ್ತಳತೆಯನ್ನೂ ಅಳೆದರೆ ತೂಕವನ್ನು ಸಾಕಷ್ಟು ಹತ್ತಿರಕ್ಕೆ ಅಂದಾಜು ಮಾಡಬಹುದು. ಆದರೆ ಅಂದಾಜಿಗೆ ದಾಖಲೆಯ ಪಟ್ಟಿಯಲ್ಲಿ ಜಾಗವಿಲ್ಲ.

ಒಳ್ಳೆಯ ಕೈಗಳ ಕೆಲಸ ಹೇಗಿರಬೇಕು ಎಂಬುದರಲ್ಲಿ ಗುಟ್ಟೇನೂ ಇಲ್ಲ. ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿರುವ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದರೆ ಬಿಡಿಸುವುದು ಕ್ಷಣದ ಕೆಲಸ. ಮೀನಿನ ಮೈಯ ಲೋಳೆ ಅದರ ರಕ್ಷಾಕವಚ, ಒಣಗಿದ ಕೈ, ಬಿಸಿ ಬಂಡೆ, ತೆಪ್ಪದ ತಳ, ಗಂಟಿನ ಬಲೆ ಎಲ್ಲವೂ ಅದನ್ನು ಕೆರೆದು ಹಾಕುತ್ತವೆ, ಗಾಯವಾದಲ್ಲಿ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಕೈ ಒದ್ದೆ ಮಾಡಿಕೊಂಡು, ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಎದೆಯ ಕೆಳಗೆ ಇಟ್ಟು, ಮೀನನ್ನು ಅಡ್ಡಡ್ಡವಾಗಿ ನೀರಿನಲ್ಲೇ ಆತುಕೊಳ್ಳಬೇಕು. ದವಡೆ ಹಿಡಿದು ಲಂಬವಾಗಿ ತೂಗಿಸಿದರೆ ಒಳಗಿನ ಅಂಗಗಳ ಭಾರವೆಲ್ಲ ಕೆಳಕ್ಕೆ ಜಗ್ಗುತ್ತದೆ. ಕಿವಿರಿನೊಳಗೆ ಬೆರಳು ಹಾಕುವವರ ಬಗ್ಗೆ ಹೇಳುವುದೇ ಬೇಡ. ಬಿಡುವ ಮುಂಚೆ ಮೀನನ್ನು ಹಿಂದೆ ಮುಂದೆ ಆಡಿಸುವುದು ಇಂದಿಗೂ ಎಲ್ಲೆಲ್ಲೂ ಕಾಣುವ ಚಟ. ನೀರು ಬಾಯಿಂದ ಹೊಕ್ಕು ಕಿವಿರಿನಿಂದ ಹೊರಹೋಗಬೇಕೇ ಹೊರತು ತಿರುಗುಮುರುಗಾಗಿ ಅಲ್ಲ. ಹರಿವಿಗೆ ಮುಖ ಮಾಡಿ ಸುಮ್ಮನೆ ಹಿಡಿದರೆ ಅದೇ ಕೊಸರಿಕೊಂಡು ಹೋಗುತ್ತದೆ.

ಇದೆಲ್ಲ ಪಾಲಿಸಿದರೂ ಕಾಲವೇ ತಪ್ಪಾಗಿದ್ದರೆ ಏನು ಮಾಡೋಣ? ಗಾಳಕ್ಕೆ ಅನುಕೂಲವೆಂದರೆ ಮಳೆಗಾಲ ಕಳೆದು ನೀರು ಇಳಿದು ತಿಳಿಯಾದ ತಿಂಗಳುಗಳು. ಬೇಸಿಗೆಗೆ ಹತ್ತಿರವಾದಷ್ಟೂ ನೀರು ಕಾಯುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯದು ಏಳೂವರೆ. ಬೇರೆ ದೇಶಗಳಲ್ಲಿ ನೀರು ಇಂತಿಷ್ಟು ಬಿಸಿಯಾದರೆ ಗಾಳ ನಿಲ್ಲಿಸಿ ಎನ್ನುವ ಕಟ್ಟಳೆಗಳಿವೆ. ನಮ್ಮಲ್ಲಿ ಥರ್ಮಾಮೀಟರ್ ಇಟ್ಟುಕೊಂಡ ಗಾಳಗಾರನನ್ನು ಹುಡುಕಬೇಕು.

ಗಾಲಿಬೋರೆಯ ನಿಜವಾದ ಆಸ್ತಿ ಅಲ್ಲಿನ ದಾಖಲೆ ಪುಸ್ತಕಗಳು. 1998ರಿಂದ 2012ರವರೆಗೆ 23,620 ಗಂಟೆ ಗಾಳ ಹಾಕಿ 6,161 ಮಹಸೀರ್ ಹಿಡಿದು ಬಿಟ್ಟ ಲೆಕ್ಕ ಅವುಗಳಲ್ಲಿತ್ತು. ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು 2015ರಲ್ಲಿ ಅದನ್ನು ವಿಶ್ಲೇಷಿಸಿದರು. ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಏರಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್. ಕಾವೇರಿಗೇ ಸೇರಿದ ಗೂನುಬೆನ್ನಿನ ಮಹಸೀರಿನ ಮರಿಗಳು ಬರುವುದೇ ನಿಂತಿತ್ತು. 2018ರಲ್ಲಿ ಅದನ್ನು ಟೋರ್ ರೆಮಾದೇವಿ ಎಂದು ಗುರುತಿಸಿ, ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಅಂದರೆ ಒಂದೊಂದು ಮೀನನ್ನೂ ಜೋಪಾನವಾಗಿ ಬಿಡುತ್ತಿದ್ದವರ ಕಣ್ಣೆದುರೇ ಒಂದು ಜಾತಿ ಜಾರಿಹೋಗುತ್ತಿತ್ತು. ಈ ಶಿಬಿರಗಳಿರುವ ಅಭಯಾರಣ್ಯದೊಳಗೆ ಗಾಳಕ್ಕೆ ತಡೆ ಬಿದ್ದು 2012ರಲ್ಲಿ ಶಿಬಿರದ ಮೀನುಬೇಟೆ ನಿಂತಾಗ, ಈ ಲೆಕ್ಕ ಬರೆಯುವ ಕೈಯೂ ನಿಂತಿತು. ತಡೆಯನ್ನು ಒಪ್ಪುವವರು ಈ ನಷ್ಟವನ್ನೂ ಒಪ್ಪಬೇಕು.

ಗಾಳ ಮಾತ್ರ ನಿಂತಿಲ್ಲ, ಜಾಗ ಬದಲಿಸಿದೆ. ಭಾನುವಾರ ಬಂತೆಂದರೆ ಮಾಗಡಿಯ ಮಂಚನಬೆಲೆ, ಚನ್ನಪಟ್ಟಣದ ಕಣ್ವ, ಕನಕಪುರದ ಹಾರೋಬೆಲೆಯಂಥ ಜಲಾಶಯಗಳ ಕಡೆಗೆ ಕೋಲು, ರೀಲು ಹಿಡಿದವರ ಬೈಕುಗಳು. ಇಲ್ಲಿ ಹರಿವಿಲ್ಲ, ಕಾವಲಿಲ್ಲ, ಹೇಳಿಕೊಡುವ ಮಾರ್ಗದರ್ಶಿಯೂ ಇಲ್ಲ. ಕಾಟ್ಲಾವನ್ನು ಕಾದ ಕಲ್ಲಿನ ಮೇಲೆ ಮಲಗಿಸಿ, ವಿಡಿಯೊ ಮಾಡಿ, ದಡದಿಂದಲೇ ನೀರಿಗೆ ಎಸೆದು ದಯೆ ತೋರಿದೆವೆಂದು ಹೊರಡುತ್ತಾರೆ. ಇಷ್ಟಾದರೆ ಮನೆಗೆ ಒಯ್ದು ಸಾರು ಮಾಡುವುದೇ ಮೇಲು. ಜಿಲೇಬಿ ಮೀನಿನ ವಿಷಯದಲ್ಲಂತೂ ಬಿಡುವುದೇ ತಪ್ಪು. ಆಫ್ರಿಕಾದಿಂದ ಬಂದು ನಮ್ಮ ಕೆರೆಗಳನ್ನು ತುಂಬಿಕೊಂಡ ಅದನ್ನು ಒದ್ದೆ ಕೈಯಲ್ಲಿ ಹಿಡಿದು ಮರಳಿ ಬಿಡುವುದರಿಂದ ಊರಿನ ಮೀನುಗಳಿಗೆ ಯಾವ ಉಪಕಾರವೂ ಆಗದು. ಕಾವೇರಿಯಲ್ಲಿ ಮುಂದೆಂದಾದರೂ ಗಾಳಕ್ಕೆ ಮತ್ತೆ ಅವಕಾಶ ಸಿಕ್ಕರೆ ನೀಲಿ ರೆಕ್ಕೆಯದನ್ನು ತಣ್ಣನೆ ತಿಂಗಳುಗಳಲ್ಲಿ ಹಿಡಿದು ಬಿಡಲಿ, ಲೆಕ್ಕ ಬರೆಯಲಿ. ಗೂನುಬೆನ್ನಿನದು ಆಕಸ್ಮಿಕವಾಗಿ ಸಿಕ್ಕರೆ ನೀರಿನೊಳಗೇ ದಾರ ಕತ್ತರಿಸಿಬಿಡಲಿ, ಫೋಟೊ ಇಲ್ಲದೆ.